ಸಾಲಿನ ಕೊನೆಯವರಿಗೆ

ಲಾ ಪಲ್ಮಿತಾ, ಶುಕ್ರವಾರ

ಮಾನ್ಯ ದೋನ್ ಆರ್ಸೆಸಿಯೊ ಅವರಿಗೆ,

ಇವತ್ತು ತಪಸ್ಸುಕಾಲದ ಶುಕ್ರವಾರ, ನನಗೆ ಉಪವಾಸ. ಹಸು ಕರೆದು, ಕೋಳಿಗೆ ಜೋಳ ಹಾಕಿ, ಕಾಫಿ ಬೀಜ ಹರವಿ ಈಗ ಕೂತೆ. ಮದುವೆಯಾಗುತ್ತೀರಾ ಎಂದು ಕೇಳಿ ಬರೆದಿದ್ದೀರಿ. ಐವತ್ತರ ಹೆಂಗಸು ಅದನ್ನು ಓದುತ್ತ ನಿಂತರೆ ಒಲೆಯ ಮೇಲಿನ ಹಾಲು ಉಕ್ಕದೆ ಇರುತ್ತದೆಯೇ?

ಹೋದ ಭಾನುವಾರ ನಿಮ್ಮ ಬೈಕ್ ಸಂಘದ ಸವಾರಿಗೆ ನನ್ನ ತಮ್ಮ ಎವೇಲಿಯೊ ಮುಂದಾಳು, ನಾನು ಅವನ ಬೈಕಿನಲ್ಲೇ ಬೆನ್ನ ಹಿಂದೆ ಕೂತಿದ್ದೆ. ಮುಂದಿನವರ ಕೈಸನ್ನೆಯನ್ನು ಹಿಂದಿನವರಿಗೆ ದಾಟಿಸಬೇಕೆಂಬ ನಿಮ್ಮ ನಿಯಮ ನನಗೇನು ಗೊತ್ತು? ದಾರಿಬದಿ ಕಾರ್ಮೆನ್ ಮಾತೆಯ ಗುಡಿ ಕಂಡಾಗಲೆಲ್ಲ ಶಿಲುಬೆ ಗುರುತು ಮಾಡಿದೆ. ಹಿಂದಿನವರೂ ಒಬ್ಬರಾದ ಮೇಲೊಬ್ಬರು ಹಣೆ, ಎದೆ, ಭುಜ ಮುಟ್ಟಿಕೊಂಡರು! ಊಟಕ್ಕೆ ನಿಂತಾಗ ದಪ್ಪ ಫಾಬಿಯೊ, "ಅಕ್ಕಾ, ಅದು ಗುಂಡಿ ಅಂತಲೋ, ದನ ಅಂತಲೋ?" ಅಂದ. "ನಿನ್ನ ಪಾಪ ಅಂತ ಕಣೋ" ಅಂದೆ. ಎವೇಲಿಯೊ ಮಾತ್ರ "ಇನ್ನೊಂದ್ಸಲ ಕೈ ಎತ್ತಿದ್ರೆ ಇಲ್ಲೇ ಇಳಿಸ್ತೀನಿ" ಅಂತ ಕೂಗಾಡಿದ.

ಊಟಕ್ಕೆ ನಿಲ್ಲುವ ಮೊದಲೇ, ಬೆಟ್ಟದ ತಿರುವಿನಲ್ಲಿ ಕೆಳಗೆ ನೋಡಿದ್ದೆ. ಸಾಲಿನ ಕೊನೆಯಲ್ಲಿ ನೀವೂ ಶಿಲುಬೆ ಗುರುತು ಮಾಡಿದಿರಿ. ನಿಮ್ಮ ಹಿಂದೆ ಒಂದು ನಾಯಿಯೂ ಇರಲಿಲ್ಲ. ಆ ಸನ್ನೆಯನ್ನು ಯಾರಿಗೆ ದಾಟಿಸಿದಿರಿ? ಹೆಂಡತಿ ಮಣ್ಣಾದಂದಿನಿಂದ ನೀವು ದೇವರ ಹೆಸರೇ ಎತ್ತಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ನನ್ನ ಅಳುಕು ಅದೊಂದೇ ಆಗಿತ್ತು.

ಈ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲಿ ನನ್ನ ಉತ್ತರ ಸಿಗುತ್ತದೆ. ಅದನ್ನು ಒಯ್ಯಲು ಎವೇಲಿಯೊನನ್ನು ಕಳಿಸಬೇಡಿ, ಊರಿಗೆಲ್ಲ ಡಂಗುರ ಸಾರುತ್ತಾನೆ. ನೀವೇ ಬನ್ನಿ, ಹಿಂದಿನ ಸೀಟು ಒರೆಸಿಕೊಂಡು.

ಇಂತಿ,
ಇಸ್ಮೇನಿಯಾ