ಎಣ್ಣೆ ಮಾವ ಚೆಲ್ಲಿದ ನೀರು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೈಬೇಡ, ಪತ್ರ ತಡವಾಯ್ತು ಅಂತ ಗೊತ್ತು. ಬೆರಳಲ್ಲಿ ಒತ್ತೋಕೆ ತ್ರಾಣ ಇಲ್ಲ, ಹಾಸಿಗೇಲಿ ಬಿದ್ದುಕೊಂಡು ಮಾತಾಡ್ತಿದ್ದೀನಿ, ಫೋನೇ ಬರ್ಕೊಳ್ತಿದೆ. ಟ್ಯಾಂಕು ಅಂದಿದ್ದನ್ನ ಥ್ಯಾಂಕ್ಯೂ ಅಂತ ಬರೆದಿದ್ರೆ ನೀನೇ ತಿದ್ದಿಕೋ. ಭಾವನ ಮಂಡಿನೋವು ಹೇಗಿದೆ?

ನಂಗಿಲ್ಲಿ ಹೊಸ ಕೆಲಸ. ಊರಾಚೆ ಒಂದು ಪುಟ್ಟ ವಿಮಾನ ನಿಲ್ದಾಣ. ನಿಲ್ದಾಣ ಅಂದರೆ ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಹೊಲಕ್ಕೆ ಔಷಧಿ ಹೊಡೆಯೋ ಒಂದಿಷ್ಟು ಪುಟಾಣಿ ವಿಮಾನ, ಅಷ್ಟೇ. ವಿಮಾನಕ್ಕೆ ಹಾಕೋ ಎಣ್ಣೆಯ ಟ್ಯಾಂಕು ನೆಲದೊಳಗಿದೆ. ಸುತ್ತಲ ಮಣ್ಣಲ್ಲಿ ಎಣ್ಣೆ ಸಿಕ್ಕಿದೆ, ಎಲ್ಲಿಂದ ಬಂತು ಅಂತ ಕಂಡುಹಿಡೀಬೇಕು. ನನ್ನ ಜೊತೆ ಬಂದಿರೋ ಮೇಡಂ ಎಂಜಿನಿಯರ್. ನಾನು ನೆಲ ಕೊರೆದು, ಮಣ್ಣು, ನೀರು ಬಾಟಲಿಗೆ ತುಂಬೋನು. ಟ್ಯಾಂಕೇ ತೂತಾಗಿರಬೇಕು ಅಂದುಕೊಂಡಿದ್ದೆವು. ಬಿಗಿಯಾಗಿ ಮುಚ್ಚಿ, ಗಾಳಿ ತುಂಬಿ ನೋಡಿದರೆ ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ! ಪೈಪೂ ಗಟ್ಟಿ. ಮೇಡಂ ತಲೆ ಕೆರೆದುಕೊಂಡರು. ನನಗೋ ಒಳಗೊಳಗೇ ಖುಷಿ. ಎಲ್ಲದಕ್ಕೂ ಯಾಕೆ ಯಾಕೆ ಅಂತ ಕೇಳ್ತಿದ್ದೆ ಅಂತಲೇ ಅಲ್ವಾ ನೀನು ನನ್ನನ್ನ ‘ಯಾಕಪ್ಪ’ ಅಂತ ಕರೀತಿದ್ದದ್ದು?

ವಿಮಾನಕ್ಕೆ ಎಣ್ಣೆ ತುಂಬಿಸುವವರನ್ನು ಎಲ್ಲರೂ ಎಣ್ಣೆ ಮಾವ ಅಂತಾರೆ. ಮೇಡಂ ಅವರನ್ನು ಮತ್ತೆ ಮತ್ತೆ ಕೇಳಿದರು, “ಯಾವತ್ತಾದ್ರೂ ಎಣ್ಣೆ ಚೆಲ್ಲಿದ್ದುಂಟಾ?”

“ಎಣ್ಣೇನಾ? ಒಂದು ತೊಟ್ಟು ಚೆಲ್ಲಿದ್ರೆ ಮ್ಯಾನೇಜರು ನನ್ನನ್ನೇ ಟ್ಯಾಂಕಿಗೆ ಹಾಕ್ತಾರೆ ತಾಯಿ.”

ಸುಳ್ಳು ಹೇಳೋ ಮುಖ ಅಲ್ಲ ಅಕ್ಕಾ. ಅವರ ಮನೆ ಬೇಲಿಯ ಆಚೆಗೇ ಇದೆ. ಚಹಾಕ್ಕೆ ಕರೆದುಕೊಂಡು ಹೋದರು. ಒಂದು ಗುಟುಕು ಕುಡಿದೆ, ಸೀಮೆಎಣ್ಣೆ ವಾಸನೆ! ನನ್ನ ಮುಖ ನೋಡಿದ್ದೇ ತಡ, ಮಾವನ ಹೆಂಡತಿ ಅವರ ಮೇಲೆ ಹರಿಹಾಯ್ದರು: “ರೀ, ಸ್ನಾನ ಮಾಡ್ದೆ ಒಳಗೆ ಬರ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ಚಹಾಕ್ಕೂ ನಿಮ್ಮ ವಾಸನೆ ಹತ್ತಿದೆ.”

“ಮದ್ವೆ ಆದ ಹೊಸದ್ರಲ್ಲಿ ಇದೇ ವಾಸನೆ ಇಷ್ಟ ಆಗಿತ್ತು ಕಣೋ ಇವಳಿಗೆ,” ಅಂದರು ಮಾವ.

ನಾನೂ ನಕ್ಕೆ. ಆದರೆ ಮಾವ ಅಡುಗೆಮನೆಗೆ ಕಾಲೇ ಇಟ್ಟಿರಲಿಲ್ಲ, ನನ್ನ ಜೊತೆ ಹೊರಗೇ ಕೂತಿದ್ದರು. ನೀರು ಎಲ್ಲಿಂದ ಅಂತ ಕೇಳಿದೆ. ಹಿತ್ತಲ ಬಾವಿಯಿಂದ. ಒಂದು ಬಾಟಲಿ ತುಂಬಿಕೊಂಡು ಬಂದೆ.

ಮಾರನೇ ಬೆಳಿಗ್ಗೆ ಬೇಗ ಹೋದೆ. ಮಾವ ಟ್ಯಾಂಕಿನ ತಳದಿಂದ ಕೈಪಂಪಲ್ಲಿ ಬಕೆಟ್ಟಿಗೆ ಏನೋ ಎಳೆದರು, ಬೇಲಿ ಹತ್ತಿರ ಹೋಗಿ ಹುಯ್ದು ಬಂದರು. ಅಲ್ಲಿ ಒಂದು ಎಳೆ ಹುಲ್ಲಿಲ್ಲ.

“ಏನು ಮಾವ ಅದು?”

“ನೀರು ಕಣೋ. ಟ್ಯಾಂಕಿನ ತಳದಲ್ಲಿ ಕೂತುಬಿಡುತ್ತೆ. ಅದೇನಾದ್ರೂ ವಿಮಾನಕ್ಕೆ ಹೋದ್ರೆ ಮೇಲೇನೇ ಎಂಜಿನ್ ನಿಂತುಹೋಗುತ್ತೆ. ದಿನಾ ತೆಗೆದು ಚೆಲ್ಲಲೇಬೇಕು.”

ಪೈಲಟ್ಟುಗಳೂ “ನೀರು ತೆಗೆದ್ಯಾ ಮಾವ?” ಅಂತಲೇ ಕೇಳೋದಂತೆ. ನಾವು ಎಣ್ಣೆ ಚೆಲ್ಲಿದ್ರಾ ಅಂತ ಕೇಳಿದೆವೇ ಹೊರತು, ನೀರು ಚೆಲ್ಲಿದ್ರಾ ಅಂತ ಕೇಳಲೇ ಇಲ್ಲ! ಮೇಡಂ ಆ ‘ನೀರನ್ನು’ ಗಾಜಿನ ಜಾಡಿಗೆ ಹುಯ್ಯಿಸಿದರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಚೂರು ನೀರು, ಅದರ ಮೇಲೆಲ್ಲ ಎಣ್ಣೆ. ನೀರು ಒಂದು ಹನಿಯೂ ಉಳಿಯದಿರಲಿ ಅಂತ ಮಾವ ಜಾಸ್ತಿಯೇ ಎಳೀತಿದ್ದರು. ಅವರಿಗೆ ಕೆಲಸ ಕಲಿಸಿದವರೂ ಅಲ್ಲೇ ಹುಯ್ತಿದ್ದರಂತೆ.

ನಿನ್ನೆ ಬಾವಿ ನೀರಿನ ಫಲಿತಾಂಶ ಬಂತು. ಅದರಲ್ಲೂ ಅದೇ ಎಣ್ಣೆ. ಕೂಡಲೇ ಬಾವಿ ಮುಚ್ಚಿಸಿ, ಬೇರೆ ಕಡೆಯಿಂದ ನೀರು ತರಿಸಿದೆವು. ಮಾವನನ್ನ ಕೆಲಸದಿಂದ ತೆಗೀಬೇಡಿ ಅಂತ ಮೇಡಂ ಮ್ಯಾನೇಜರಿಗೆ ಖಡಾಖಂಡಿತ ಹೇಳಿದ್ದಾರೆ. ನೋಡಬೇಕು.

ಅಮ್ಮನಿಗೆ ನಾನು ಹೊತ್ತಿಗೆ ಸರಿಯಾಗಿ ಉಣ್ತಿದ್ದೀನಿ ಅಂತ ಹೇಳು. ನೀನು, ಭಾವ, ಮಕ್ಕಳು ಎಲ್ಲ ತಣ್ಣಗಿರಿ.

ನಿನ್ನ ತಮ್ಮ,
ಯಾಕಪ್ಪ

ತಾ.ಕ.: ಮರೆತೆ ಅಂದರೆ ಸುಳ್ಳಾಗುತ್ತೆ, ಹೇಳೋಕೆ ಬಾಯಿ ಬರಲಿಲ್ಲ. ಮಾವನ ಮಗಳು ಹಸುಗೂಸಿನ ಜೊತೆ ಅದೇ ಮನೆಯಲ್ಲಿದ್ದಾಳೆ. ಫಲಿತಾಂಶ ಹೇಳಿದಾಗ ಮಾವನಿಗೆ ಮೊದಲು ಖುಷಿಯೇ ಆಯ್ತು. “ನೋಡೇ, ವಾಸನೆ ನನ್ನ ಮೈದಲ್ವಂತೆ!” ಅಂತ ಹೆಂಡತಿಗೆ ಕೂಗಿ ಹೇಳಿದರು. ಆಮೇಲೆ ಬಾವಿ ಕಡೆ ತಿರುಗಿ ನೋಡಿದರು. ವಾಸನೆ ಹತ್ತೀತು ಅಂತ ಮೊಮ್ಮಗಳನ್ನು ಹುಟ್ಟಿದಾಗಿನಿಂದ ಅವರು ಎತ್ತಿಕೊಂಡೇ ಇಲ್ಲವಂತೆ ಅಕ್ಕಾ. ಎತ್ತಿಕೊಳ್ಳೋಕಂತೂ ಆಗಲ್ಲ, ಇಷ್ಟಾದರೂ ಮಾಡೋಣ ಅಂತ, ದಿನಾ ಕೂಸಿನ ಸ್ನಾನಕ್ಕೆ ಬಾವಿಯಿಂದ ನೀರು ಸೇದಿ ಕೊಡ್ತಿದ್ದದ್ದು ಅವರೇ.