ಪೇಸಿ ಬರೆದ ಅರ್ಥಗಳು

ಹೊಲೊಂಗಾ, ವವಾಊ ದ್ವೀಪ
ಆಗಸ್ಟ್ ೯

ಪ್ರೀತಿಯ ತಮ್ಮ ಸೆಮಿಸಿ,

ಹೇಗಿದ್ದೀಯೋ? ಹಣ್ಣು ಕೀಳುವಾಗ ಉಳುಕಿದ ಭುಜ ವಾಸಿಯಾಯಿತೇ? ಆ ಪರದೇಶದ ಚಳಿಯಲ್ಲಿ ಟೋಪಿ ಹಾಕಿಕೊಳ್ಳದೆ ತಿರುಗುತ್ತಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ಇಲ್ಲಿ ಎಲ್ಲರೂ ಸೌಖ್ಯ. ನೀನು ಇನ್ನೊಂದು ಹಂಗಾಮು ತೋಟದಲ್ಲೇ ಉಳಿಯುವವನಿದ್ದೀಯೆಂದು ನಿನ್ನ ಹೆಂಡತಿ ಲೂಪೆ ಹೇಳಿದಳು. ಹೇಳುವಾಗ ನಗುತ್ತಲೇ ಇದ್ದಳು, ಆದರೆ ಹೆಣೆಯುತ್ತಿದ್ದ ಚಾಪೆಯನ್ನು ಪಕ್ಕಕ್ಕಿಟ್ಟುಬಿಟ್ಟಳು.

ಶಾಲೆಯ ಸುದ್ದಿ ಕೇಳು. ಆಸ್ಟ್ರೇಲಿಯಾದಿಂದ ಬಂದಿರುವ ನಮ್ಮ ಹೊಸ ಟೀಚರ್ ಮಕ್ಕಳಿಗೆ ದಿನಬಳಕೆಯ ಇಂಗ್ಲಿಷ್ ಪದಗಳನ್ನು ಕೊಟ್ಟು, ನಿಮ್ಮದೇ ಮಾತಿನಲ್ಲಿ ಅರ್ಥ ಬರೆಯಿರಿ ಎಂದಳು. ‘ಬ್ರದರ್’ ಎಂಬುದಕ್ಕೆ ನಿನ್ನ ಮಗಳು ಪೇಸಿ ಬರೆದದ್ದು: ‘ಅವನು ಒಳಗೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.’ ಪಾಪ, ಆ ಟೀಚರ್ ಹುಡುಗಿ ಗಾಬರಿಯಾಗಿ, “ಅಣ್ಣ ಹೊಡೀತಾನೇನಮ್ಮಾ?” ಎಂದು ಕೇಳಿದಳಂತೆ. ಇಡೀ ತರಗತಿ ಗೊಳ್ಳೆಂದು ನಕ್ಕಿತಂತೆ. “ಅಯ್ಯೋ ಟೀಚರ್, ಅವನಿಗೆ ಮರ್ಯಾದೆ ಕೊಡೋದು ಅದು! ನಿಮ್ಮೂರಲ್ಲಿ ಅಣ್ಣ-ತಂಗಿ ಒಂದೇ ಕೋಣೇಲಿ ಕೂತ್ಕೋತಾರಾ? ನಾಚ್ಕೆ ಆಗಲ್ವಾ?” ಎಂದು ಪೇಸಿ ತಿರುಗಿ ಕೇಳಿದಳಂತೆ. ನಿನ್ನ ಮಗಳಲ್ಲವೇ, ಮಾತಿಗೇನು ಬರ!

ಟೀಚರ್ ಬಂದು ಇದನ್ನೆಲ್ಲ ಹೇಳಿದಾಗ ನಾನೂ ನಕ್ಕೆ. ಆಮೇಲೆ ನಿನ್ನ ನೆನಪಾಯಿತು. ನೀನು ದೊಡ್ಡವನಾಗಿ ಹುಡುಗರ ಗುಡಿಸಲಿನಲ್ಲಿ ಮಲಗಲು ಶುರುಮಾಡಿದ ಮೇಲೆ ನಾವಿಬ್ಬರೂ ಒಂದು ಕೋಣೆಯಲ್ಲಿ ಕೂತದ್ದೇ ಇಲ್ಲ. ಅಮ್ಮ ಇದ್ದಾಗ ನೀನು ಅವಳ ಮುಂದೆ ತಮಾಷೆ ಮಾಡುತ್ತಿದ್ದರೆ ಅಡುಗೆಮನೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅದೊಂದು ಕೊರತೆ ಎಂದು ನನಗೆ ಯಾವತ್ತೂ ಅನಿಸಲಿಲ್ಲ, ಗೋಡೆಯಾಚೆ ನೀನಿದ್ದೆಯಲ್ಲ. ಈಗ ಆಚೆ ಯಾರೂ ಇಲ್ಲ. ಬೇಜಾರಾಗುತ್ತದೆ ಕಣೋ.

ಇನ್ನೊಂದನ್ನು ಹೇಳಲೋ ಬೇಡವೋ ಎಂದುಕೊಂಡೆ. ‘ಫಾದರ್’ ಎಂಬುದಕ್ಕೆ ಪೇಸಿ ಬರೆದದ್ದು: ‘ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುವವರು.’ ಇದಕ್ಕೆ ಮಾತ್ರ ಯಾವ ಮಗುವೂ ನಗಲಿಲ್ಲವಂತೆ. ಅರ್ಧ ತರಗತಿ ಅದನ್ನೇ ಬರೆದಿತ್ತು.

ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ. ಜೊತೆಗಿರುವ ನಮ್ಮೂರ ಹುಡುಗರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ಮಾತೆಲೀತಾ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಲೂಪೆ ತಾನಾಗಿ ಬಾ ಎನ್ನುವವಳಲ್ಲ. ಅಕ್ಕ ಕೇಳಿದ್ದಕ್ಕೆ ತಮ್ಮ ಇಲ್ಲವೆನ್ನುವ ಹಾಗಿಲ್ಲ, ಅದು ನಿನಗೂ ಗೊತ್ತು. ನಿನ್ನ ಮದುವೆಯಲ್ಲಿ ಎಲ್ಲರೂ “ಏನಾದ್ರೂ ಕೇಳೇ, ನಿನ್ನ ಹಕ್ಕು” ಎಂದರೂ ನಾನು ಕೇಳಲಿಲ್ಲ. ಅಮ್ಮನ ಮಣ್ಣಿನ ದಿನವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಇನ್ನೊಂದು ಹಂಗಾಮಿಗೆ ಒಪ್ಪಬೇಡ. ಮನೆಗೆ ಬಾ.