ಸಂಘ ಒಡೆಯಬೇಡಿ ಎಂದು ಕೇಳಿಕೊಂಡವರಿಗೆ

ಹಿನ್ನೀರಿನ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ದೋಣಿ ಸಂಘ ನಿಷ್ಕ್ರಿಯವಾಗಿದೆ ಎಂದು ನೀವು ಆದೇಶ ಹೊರಡಿಸಿದ್ದೀರಿ. ನಾಲ್ಕು ವರ್ಷಗಳಿಂದ ನಮ್ಮ ದೋಣಿಗಳು ನೀರಿನ ಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲವಂತೆ. ಹಾಗಾಗಿ ದಂಡೆಯನ್ನೂ ಅದರ ಮುಂದಿನ ನೀರನ್ನೂ ಹೊರಗಿನ ಮೋಟರ್ ಬೋಟಿನ ಕಂಪನಿಯೊಂದಕ್ಕೆ ವಹಿಸಿಕೊಟ್ಟಿದ್ದೀರಿ. ಇಷ್ಟೂ ವರ್ಷ ನಮ್ಮನ್ನು ನೀರಿಗೆ ಇಳಿಯಬೇಡಿ ಎಂದು ತಡೆದವರು ಯಾರು ಎಂಬ ಸಣ್ಣ ಸಂಗತಿಯೊಂದು ಆ ಆದೇಶದಲ್ಲಿ ಬಿಟ್ಟುಹೋಗಿದೆ. ನೀವು ಕೆಲಸದ ಒತ್ತಡದಲ್ಲಿರುವವರು, ಮರೆತಿರಬಹುದು. ನೆನಪಿಸುತ್ತೇನೆ. ತಡೆದವರು ನೀವೇ.

ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ಆಡಿದ ಮಾತುಗಳಿಗೆ ಏನಾಗುತ್ತದೆ ಎಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ.

ಓದುವವರಿಗೆ ನಮ್ಮ ಗುರುತು ಇರಲಿಕ್ಕಿಲ್ಲ. ಮುದ್ದೇಬಿಹಾಳ ತಾಲೂಕಿನ ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿದಾಗ ಅರ್ಧ ಮಂದಿ ದಂಡೆಯ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದೆವು. ಉಳಿದವರು ಬಸವನ ಬಾಗೇವಾಡಿ ಕಡೆಗೆ, ಸಿಂದಗಿಗೆ, ಇಂಡಿಗೆ, ಸಂಬಂಧಿಕರು ಇದ್ದಲ್ಲಿಗೆ, ನೌಕರಿ ಸಿಕ್ಕಲ್ಲಿಗೆ ಹೋದರು. ಒಂದೇ ಓಣಿಯವರು ಒಬ್ಬರಿಗೊಬ್ಬರು ಮದುವೆ ಮಣ್ಣಿನಲ್ಲಷ್ಟೇ ಸಿಗುವಂತಾಯಿತು. ಆಗ ಭೀಮಶ್ಯಾ ಎಂಬ ನಮ್ಮೂರಿನ ಅಂಬಿಗ ತನ್ನ ಎರಡು ಉದ್ದನೆಯ ದೋಣಿಗಳನ್ನು ರಿಪೇರಿ ಮಾಡಿಸಿ ದಂಡೆಗೆ ತಂದ. "ಊರ ಅಂತೂ ನೀರಾಗ ಐತಿ. ವಾರಕ್ಕೊಮ್ಮಿ ಅದರ ಮ್ಯಾಲೆರೆ ಕೂಡೂನು" ಎಂದ. ಸಂಘ ಹುಟ್ಟಿದ್ದು ಹಾಗೆ. ಪ್ರತಿ ರವಿವಾರ ಬೆಳಿಗ್ಗೆ ಎರಡು ದೋಣಿ, ಒಂದೊಂದರಲ್ಲಿ ಎಂಟು ಮಂದಿ. ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ನಾನು ಹುಟ್ಟು ಹಿಡಿದಾಗ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ವಾರಕ್ಕೆ ನಮ್ಮ ಅತ್ತೆ ತುಳಸೀಬಾಯಿಯವರೇ ದಂಡೆಗೆ ಬಂದು ಕೂತು, ನನ್ನ ಹುಟ್ಟು ಉಳಿದವರಿಗಿಂತ ತಡವಾಗಿ ಏಳುತ್ತದೆ ಎಂದು ತಪ್ಪು ತೆಗೆದರು.

ಆಮೇಲೆ ನೀವು ಬಂದಿರಿ. ಎಲ್ಲಿಂದಲೋ ಬಂದ ಪಿಕ್‌ನಿಕ್ಕಿನವರ ಬಾಡಿಗೆ ದೋಣಿ ಮಗುಚಿತ್ತು. ಜೀವಹಾನಿ ಆಗಿರಲಿಲ್ಲ, ಆದರೆ ಸುದ್ದಿ ಆಗಿತ್ತು. ಹಿನ್ನೀರಿನಲ್ಲಿ ಎಲ್ಲ ದೋಣಿಗಳನ್ನೂ ನಿಷೇಧಿಸಿದಿರಿ. ನಮಗೆ ಅದನ್ನು ತಿಳಿಸಲು ಖುದ್ದಾಗಿ ಬಂದಿರಿ, ಅಷ್ಟಕ್ಕೇ ನಾವು ಕರಗಿಹೋದೆವು. ನಮ್ಮ ಸಂಘದ ಕಾಶಿಬಾಯಿಯ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ನೀವು ಹೇಳಿದ್ದು ಇದು: "ಸ್ವಲ್ಪ ಕಾಲ ತಡೀರಿ. ನಿಯಮ ಆಗಲಿ, ಮೊದಲ ಪರವಾನಗಿ ನಿಮಗೇ. ಆದರೆ ಸಂಘ ಒಡೆಯಬೇಡಿ. ಜನ ಚದುರಿಹೋದರೆ ನಾನು ಯಾರಿಗೆ ಕೊಡಲಿ?"

ಎಷ್ಟು ಒಳ್ಳೆಯ ಮಾತು. ನಿಮ್ಮ ಹಾಗೆ ಮಾತಾಡುವ ಅಧಿಕಾರಿ ನಮ್ಮ ಕಡೆಗೆ ಅದುವರೆಗೆ ಬಂದಿರಲಿಲ್ಲ. ದೋಣಿಗಳನ್ನು ಅಂದೇ ಎಳೆದು ಬೇವಿನ ಗಿಡದ ಕೆಳಗೆ ಬೋರಲು ಹಾಕಿದೆವು.

ಈಗ ಹೇಳಿ, ನೀರಿಲ್ಲದೆ ದೋಣಿ ಸಂಘವನ್ನು ಕೂಡಿಸಿಡುವುದು ಹೇಗೆ? ನಿಮಗೆ ಅದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೊದಲ ಕೆಲವು ವಾರ ಸುಮ್ಮನೆ ಕೂತು ಚುರಮುರಿ ತಿಂದು ಎದ್ದೆವು. ಬರುವವರು ಕಡಿಮೆಯಾದರು. ಒಂದು ರವಿವಾರ ಭೀಮಶ್ಯಾ ಸಿಟ್ಟಿಗೆದ್ದು ಎಲ್ಲರಿಗೂ ಮನೆಯಿಂದ ಊಟದ ಮಣೆ ತರಲು ಹೇಳಿದ. ಪುನರ್ವಸತಿ ಕೇಂದ್ರದ ಬಯಲಿನಲ್ಲಿ ಮಣೆಗಳನ್ನು ಸಾಲಾಗಿ ಹಾಕಿ ಕೂಡಿಸಿದ, ಕೈಗೆ ಬಿದಿರಿನ ಗಳ ಕೊಟ್ಟ, ಎದುರಿಗೆ ನಿಂತು "ಎಳೀರಿ, ಬಿಡ್ರಿ" ಎಂದು ಕೂಗತೊಡಗಿದ. ಮಣ್ಣಿನ ಮೇಲೆ ಕೂತು ಗಾಳಿಯಲ್ಲಿ ಹುಟ್ಟು ಹಾಕುವ ಹದಿನಾರು ಮಂದಿ, ಅವರಲ್ಲಿ ಸೀರೆಯ ಕಚ್ಚೆ ಬಿಗಿದ ಹೆಂಗಸರು. ರಸ್ತೆಯಲ್ಲಿ ಹೋಗುವ ಬಸ್ಸು ನಿಂತು ನೋಡಿತು. "ಯಾವೂರಿಗ್ರಿ ಸವಾರಿ?" ಎಂದು ಡ್ರೈವರ್ ಕೇಳಿದ. ಕಾಶಿಬಾಯಿ ಗಳ ನಿಲ್ಲಿಸಲಿಲ್ಲ. "ಸಾಹೇಬ್ರು ಹೇಳಿದೂರಿಗಿ" ಎಂದಳು.

ಮುಂದಿನ ವಾರ ಎಲ್ಲರೂ ಬಂದರು. ನಗಿಸಿಕೊಳ್ಳಲಿಕ್ಕಾದರೂ ಬಂದರು.

ಚದುರಿದವರಿಗೆ ಹತ್ತಿರವಾಗಲೆಂದು ವಾರಕ್ಕೊಂದು ಊರಿನ ಬಯಲಿನಲ್ಲಿ ಕೂಡತೊಡಗಿದೆವು. ಊರೂರಿಗೆ ಸುದ್ದಿ ಮುಟ್ಟಿಸುವುದು ರಾವಸಾಬನ ಪಾಲಿಗೆ ಬಂತು. ಅವನು ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ, ತಾಳಿಕೋಟೆ ಮೇಲೆ ಮುದ್ದೇಬಿಹಾಳಕ್ಕೆ ಬರುವ ಬಸ್ಸಿನ ಕಂಡಕ್ಟರ್, ನಮ್ಮ ಎರಡನೆಯ ದೋಣಿಯವನು. ಟಿಕೆಟ್ ಹರಿಯುತ್ತಲೇ ಪ್ರತಿ ನಿಲ್ದಾಣದಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಈ ಐತವಾರ ಬಾಗೇವಾಡ್ಯಾಗ, ಮಣಿ ಮರೀಬ್ಯಾಡ್ರಿ" ಎನ್ನುತ್ತಿದ್ದ. ಕಾಶಿಬಾಯಿ ಆಮೇಲೆ ಮಗಳ ಮನೆಗೆಂದು ಸಿಂದಗಿಗೆ ಹೋದಳು. ಅವಳ ಗಂಡ ತೀರಿಕೊಂಡ ವಾರವೂ ಬಂದಳು, ಗಳ ಹಿಡಿಯದೆ ಮಣೆಯ ಮೇಲೆ ಸುಮ್ಮನೆ ಕೂತಳು. ಭೀಮಶ್ಯಾ ಆವತ್ತು ಕೂಗನ್ನು ಎಷ್ಟು ನಿಧಾನ ಮಾಡಿದನೆಂದರೆ ಅರ್ಧ ತಾಸಿನ ಮೇಲೆ ಅವಳ ಕೈ ತಾನಾಗಿ ಗಳಕ್ಕೆ ಹೋಯಿತು. ಇದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ನಿಷ್ಕ್ರಿಯ ಎಂದು ಹೆಸರು.

ವರ್ಷಕ್ಕೊಮ್ಮೆ ನಿಮ್ಮನ್ನು ಕೇಳಿದೆವು. ಪ್ರತಿ ಸಲವೂ ನೀವು ನಕ್ಕು, "ಕೂಡಿದ್ದೀರಲ್ಲ? ಹಾಗೇ ಇರಿ" ಎಂದಿರಿ.

ಕಳೆದ ಮಳೆಗಾಲದ ಒಂದು ರವಿವಾರದ ಸಂಗತಿಗೆ ಬರುತ್ತೇನೆ, ಆ ವಾರ ಎಲ್ಲರೂ ನಮ್ಮ ದಂಡೆಯಲ್ಲೇ ಕೂಡಿದ್ದೆವು. ನೀರು ಒಮ್ಮೆಗೇ ಏರಿ ದಿಬ್ಬದ ಮೇಲಿನ ಹೊಲದ ವಸತಿಯೊಂದನ್ನು ನಾಲ್ಕೂ ಕಡೆ ಸುತ್ತಿಕೊಂಡಿತು. ಎರಡು ಮನೆಯವರು, ಮಕ್ಕಳು, ನಡೆಯಲಾಗದ ಒಬ್ಬ ಮುದುಕಿ. ಸರ್ಕಾರದ ಬೋಟು ಬರುವುದು ಮರುದಿನ ಎಂದರು. ಮಧ್ಯಾಹ್ನ ನಿಮ್ಮ ಜೀಪು ಬಂದು ಬೇವಿನ ಗಿಡದ ಹತ್ತಿರ ನಿಂತಿತು. ನೀವು ಇಳಿಯುತ್ತಲೇ, "ದೋಣಿ ಇಳಿಸಿ, ಜವಾಬ್ದಾರಿ ನನ್ನದು" ಎಂದಿರಿ. ನಾವು ಇಪ್ಪತ್ತು ಮಂದಿ ಅದನ್ನು ಕೇಳಿಸಿಕೊಂಡೆವು.

ಒಣಗಿ ಬಿರುಕು ಬಿಟ್ಟ ಹಲಗೆಗಳಿಗೆ ಹಳೆಯ ಸೀರೆ ತುರುಕಿ, ಡಾಂಬರು ಬಳಿದು ಎರಡೂ ದೋಣಿ ಇಳಿಸಿದೆವು. ಸೆಳವು ಜೋರಾಗಿತ್ತು. ನಾನು ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಭೀಮಶ್ಯಾ "ಎಳೀರಿ" ಎಂದ ಕ್ಷಣ ನಮ್ಮ ದೋಣಿಯ ಎಂಟೂ ಹುಟ್ಟು ಒಟ್ಟಿಗೆ ಬಿದ್ದವು. ಮೂರು ವರ್ಷ ಮಣ್ಣಿನ ಮೇಲೆ ಮಾಡಿದ್ದು ತೋಳಿನಲ್ಲಿ ಉಳಿದಿತ್ತು. ಮೊದಲ ಸಲ ಮಕ್ಕಳನ್ನೂ ಮುದುಕಿಯನ್ನೂ ತಂದೆವು. ಎರಡನೆಯ ಸಲ ಉಳಿದವರನ್ನು ಕೂಡಿಸಿಕೊಂಡು ತಿರುಗುವಾಗ ಸೆಳವು ನಮ್ಮ ದೋಣಿಯನ್ನು ಮುಳುಗಿದ ಜಾಲಿಗಿಡಕ್ಕೆ ಒಗೆಯಿತು. ಬಡಿತ ತಡೆಯಲು ಭೀಮಶ್ಯಾ ಕೈ ಚಾಚಿದ. ದೋಣಿಯ ಅಂಚಿಗೂ ಬೊಡ್ಡೆಗೂ ನಡುವೆ ಅವನ ಬಲಗೈ ಸಿಕ್ಕಿ ಜಜ್ಜಿಹೋಯಿತು. ಕೂಗು ಮಾತ್ರ ನಿಲ್ಲಲಿಲ್ಲ. ದಂಡೆ ಮುಟ್ಟಿದ ಮೇಲೆ ಹುಟ್ಟು ಕೆಳಗಿಟ್ಟು ನೋಡಿದಾಗಲೇ ಅವನ ಕೈ ಏನಾಗಿದೆ ಎಂದು ನಮಗೆ ತಿಳಿದದ್ದು.

ಆಸ್ಪತ್ರೆಗೆ ನೀವು ಬಂದಿರಿ. ಹಣ್ಣು ತಂದಿರಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ದನಿ ತಗ್ಗಿಸಿದಿರಿ. "ಭೀಮಶ್ಯಾ ಅವರೇ, ನಿಷೇಧ ಇರುವಾಗ ನಾನೇ ದೋಣಿ ಇಳಿಸಿದೆ ಅಂತ ಗೊತ್ತಾದರೆ ನನಗೂ ತೊಂದರೆ, ನಿಮ್ಮ ಪರವಾನಗಿಗೂ ತೊಂದರೆ. ಸದ್ಯಕ್ಕೆ ಗಾಡಿಯಿಂದ ಬಿದ್ದೆ ಅಂತ ಹೇಳಿ. ದೀಪಾವಳಿಯೊಳಗೆ ನೀರು ನಿಮ್ಮದು."

ಭೀಮಶ್ಯಾ ತನ್ನ ಹೆಂಡತಿ ಲಕ್ಕವ್ವನ ಮುಖ ನೋಡಿದ, ನನ್ನ ಮುಖ ನೋಡಿದ. "ಆತ್ರಿ ಸಾಹೇಬ್ರ, ಗಾಡಿಂದ ಬಿದ್ದೆ" ಎಂದ. ಡಾಕ್ಟರು ಕೇಳಿದಾಗಲೂ ಹಾಗೇ ಹೇಳಿದ. ನೋಡಲು ಬಂದ ಬೀಗರಿಗೂ ಹಾಗೇ ಹೇಳಿದ. ಎಲ್ಲರೂ ನಕ್ಕು, ಅಂಬಿಗನಾದವನು ಎತ್ತಿನ ಗಾಡಿ ಯಾಕೆ ಹತ್ತಿದ ಎಂದು ಚಾಷ್ಟಿ ಮಾಡಿದರು. ಅವನೂ ನಕ್ಕ.

ವಸತಿಯ ಜನರನ್ನು ಉಳಿಸಿದ್ದು ನಿಮ್ಮ ಇಲಾಖೆಯ ರಕ್ಷಣಾ ತಂಡ ಎಂದು ಮುಂದೆ ಸಮಾರಂಭವಾಯಿತು, ನಿಮಗೆ ಶಾಲು ಹೊದಿಸಿದರು. ನಮಗೆ ಶಾಲು ಬೇಕಿರಲಿಲ್ಲ. ದೀಪಾವಳಿಗೆ ಕಾಯುತ್ತಿದ್ದೆವು. ದೀಪಾವಳಿ ಹೋಯಿತು, ಸಂಕ್ರಮಣ ಹೋಯಿತು, ಯುಗಾದಿಯ ಹೊತ್ತಿಗೆ ಈ ಆದೇಶ ಬಂತು.

ನಾನೂ ಕಾಶಿಬಾಯಿಯೂ ನಿಮ್ಮ ಕಚೇರಿಗೆ ಬಂದೆವು. "ಮೇಡಂ, ನಾನೇನು ಮಾಡಲಿ? ದಾಖಲೆಯ ಪ್ರಕಾರ ನೀವು ನೀರಿಗೆ ಇಳಿದೇ ಇಲ್ಲವಲ್ಲ" ಎಂದಿರಿ. ಕಾಶಿಬಾಯಿ ಮೇಜಿನ ಹತ್ತಿರ ಸರಿದಳು. "ಸಾಹೇಬ್ರ, ಅವತ್ತ ದಂಡಿ ಮ್ಯಾಲ ನಿಂತ ನಮಗ ಚಾದರ ಹೊಚ್ಚಿದವರು ನೀವ ಅಲ್ರೇನು? ನೀರಿಗಿ ಇಳೀದ ಮಂದಿ ಹಂಗ ತೊಯ್ದಿತ್ತೇನ್ರಿ?" ಎಂದು ಕೇಳಿದಳು. ನೀವು ಫ್ಯಾನ್ ಜೋರು ಮಾಡಲು ಸಿಪಾಯಿಗೆ ಹೇಳಿದಿರಿ. ಅದೇ ನಿಮ್ಮ ಉತ್ತರವೆಂದು ತಿಳಿದು ಎದ್ದು ಬಂದೆವು.

ಮಾನ್ಯರೇ, ಮೊದಲ ದಿನವೇ ನೀವು ಇಲ್ಲ ಎಂದಿದ್ದರೆ ನಾವು ಜಗಳವಾಡುತ್ತಿದ್ದೆವು, ಇಲ್ಲವೇ ಬೈದುಕೊಂಡು ಮನೆಗೆ ಹೋಗುತ್ತಿದ್ದೆವು. ಇಲ್ಲ ಎನ್ನುವ ಅಧಿಕಾರಿಗಳು ನಮಗೆ ಹೊಸಬರಲ್ಲ, ಊರು ಬಿಡಿಸಿದವರನ್ನೂ ನಾವು ಕಂಡಿದ್ದೇವೆ. ಅವರು ಬಂದದ್ದು ಏನನ್ನು ಒಯ್ಯಲು ಎಂಬುದು ನಮಗೆ ಮೊದಲೇ ಗೊತ್ತಿತ್ತು. ನೀವು ಬಂದದ್ದು ನಮ್ಮವರಾಗಿ. ಕೂಡಿರಿ ಎಂದಿರಿ, ಕೂಡಿದೆವು. ಇಳಿಯಬೇಡಿ ಎಂದಿರಿ, ಇಳಿಯಲಿಲ್ಲ. ಇಳಿಯಿರಿ ಎಂದಿರಿ, ಇಳಿದೆವು. ಇಳಿದಿಲ್ಲ ಎನ್ನಿ ಎಂದಿರಿ, ಅದನ್ನೂ ಅಂದೆವು. ಇದಕ್ಕಿಂತ ಹೆಚ್ಚು ವಿಧೇಯರಾದ ಪ್ರಜೆಗಳು ನಿಮಗೆ ಯಾವ ಜಿಲ್ಲೆಯಲ್ಲಿ ಸಿಗುತ್ತಾರೆ? ಆ ವಿಧೇಯತೆಯನ್ನೇ ನಮ್ಮ ಮೇಲಿನ ಆರೋಪವಾಗಿ ಬರೆಯಲು ನಿಮಗೆ ಕೈ ಹೇಗೆ ಬಂತು?

ಆದೇಶದ ಸುದ್ದಿಯನ್ನು ಭೀಮಶ್ಯಾನಿಗೆ ಹೇಳಲು ಹೋದದ್ದು ನಾನು. ಎಡಗೈಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದ. ಬಲಗೈಯ ಬೆರಳು ಇನ್ನೂ ಮಡಚುವುದಿಲ್ಲ, ಮಡಚಲಾರವು ಎಂದು ಡಾಕ್ಟರು ಹೇಳಿದ್ದಾರೆ. ಪೂರ್ತಿ ಕೇಳಿಸಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ಇನ್ನೊಂದು ಶೇಂಗಾ ಒಡೆದು, "ಹಂಗಾದ್ರ ನಾ ಖರೇನ ಗಾಡಿಂದ ಬಿದ್ದಂಗಾತಲ್ರಿ, ಅಕ್ಕಾರ" ಎಂದ.

ಆ ಮಾತನ್ನು ನಾನು ಹೊತ್ತು ತಿರುಗಲಾರೆ. ಅದಕ್ಕೇ ನಿಮಗೆ ಕೊಡುತ್ತಿದ್ದೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ. ನಿಷ್ಕ್ರಿಯ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆವತ್ತು ಮಧ್ಯಾಹ್ನ ಎರಡು ದೋಣಿ ನಿಮ್ಮ ಮಾತಿನ ಮೇಲೆ ನೀರಿಗೆ ಇಳಿದವು, ಭೀಮಶ್ಯಾನ ಕೈ ಹೋದದ್ದು ಅಲ್ಲಿ ಎಂದು ನಿಮ್ಮ ಬಾಯಿಂದ, ನಾಲ್ಕು ಮಂದಿಯ ಮುಂದೆ ಹೇಳಿ. ಆದೇಶ ಹಿಂದೆ ಪಡೆಯುವಿರೋ ಇಲ್ಲವೋ ಎಂದು ಈ ಸಲ ನಾವು ಕಾಯುವುದಿಲ್ಲ. ಬರುವ ರವಿವಾರ ಬೆಳಿಗ್ಗೆ ದೋಣಿ ಇಳಿಸುತ್ತೇವೆ. ರಾವಸಾಬ ಈಗಾಗಲೇ ಇಂಡಿಯಿಂದ ಮುದ್ದೇಬಿಹಾಳದವರೆಗೆ ಸಾರಿಕೊಂಡು ಬಂದಿದ್ದಾನೆ. ಹುಟ್ಟು ಹಿಡಿಯಲಾಗದ ಭೀಮಶ್ಯಾ ಮೊದಲ ದೋಣಿಯಲ್ಲಿ ಕೂತು ಕೂಗುತ್ತಾನೆ.

ತಡೆಯಬೇಕೆನಿಸಿದರೆ ಸಿಪಾಯಿಗಳನ್ನು ಕಳಿಸಬೇಡಿ, ನೀವೇ ಬನ್ನಿ. ದೋಣಿ ಇಳಿಸಬೇಡಿ ಎಂಬ ಮಾತನ್ನು ಅವನ ಮುಂದೆ ನಿಂತು ಇನ್ನೊಮ್ಮೆ ಹೇಳಿ.

ಇಂತಿ,
ನಿಮ್ಮ ಮಾತಿಗೆ ನಾಲ್ಕು ವರ್ಷ ಮಣ್ಣಿನ ಮೇಲೆ ಹುಟ್ಟು ಹಾಕಿದ
ಮುಕ್ತಾ ಆನಂದತೀರ್ಥ ಗಲಗಲಿ
ನಿಮ್ಮ ಪ್ರಕಾರ ಇಲ್ಲದ ಸಂಘದ ಕಾರ್ಯದರ್ಶಿ